ಪಾನಾ ಪೆಟ್ಟಿಗೆಯ ನೀಲಿ ಸ್ವೆಟರ್

ಅಪ್ಪ, ಬೆಳಗಿನ ಪಾಳಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಚಳಿಗಾಲ ಮುಗಿಯುವವರೆಗೆ ರೇಷನ್ ಸೊಸೈಟಿ ಬಾಗಿಲು ತೆಗೆಯುವುದು ಹನ್ನೊಂದಕ್ಕಂತೆ. ಮೊದಲೇ ಹೋಗಿ ಮೆಟ್ಟಿಲ ಮೇಲೆ ನಡುಗುತ್ತ ಕೂರಬೇಡ. ಸ್ನಾನವಾದ ಮೇಲೆ ಗೀಸರ್ ಆರಿಸಬೇಕು ಅಂತಲೂ ಅವರು ಮನೆಮನೆಗೆ ಹಂಚಿದ ಕರಪತ್ರದಲ್ಲಿದೆ. ನನ್ನ ಮಾತು ಕಿವಿಗೆ ಬೀಳುವುದಿಲ್ಲ, ಅವರದ್ದಾದರೂ ಕೇಳು.

ಅದರಲ್ಲೇ ಇನ್ನೊಂದು ಬುದ್ಧಿಮಾತಿತ್ತು: ಬೆಚ್ಚನೆ ಬಟ್ಟೆ ಕೊಳ್ಳುವ ಮುಂಚೆ ಮನೆಯ ಪೆಟ್ಟಿಗೆಗಳನ್ನೆಲ್ಲ ಒಮ್ಮೆ ತೆಗೆದು ನೋಡಿ. ನಾನು ಹೊಸ ಸ್ವೆಟರ್ ಕೊಳ್ಳುವವಳಿದ್ದೆನಲ್ಲ, ಹಾಗಾಗಿ ನೋಡಿದೆ. ನಿನ್ನ ಪಾನಾ ಪೆಟ್ಟಿಗೆಯ ತಳದಲ್ಲಿ, ಹಳೇ ಟ್ಯೂಬುಗಳ ಕೆಳಗೆ, ಅರ್ಧ ಹೆಣೆದ ನೀಲಿ ಸ್ವೆಟರ್ ಸಿಕ್ಕಿತು.

ಯಾರ ಕೈಕೆಲಸ ಇದು? ಅಮ್ಮನನ್ನು ಕೇಳಿದರೆ, "ನಂಗೆ ಗುಂಡಿ ಹೊಲಿಯೋಕೇ ನೆಟ್ಟಗೆ ಬರಲ್ಲ, ನನ್ನನ್ಯಾಕೆ ಕೇಳ್ತೀಯ" ಅಂದಳು. ಆಮೇಲೆ ಹೆಣಿಗೆಯ ಕಡ್ಡಿಗಳನ್ನು ನೋಡಿದೆ. ಎರಡೂ ಸೈಕಲ್ಲಿನ ಸ್ಪೋಕು, ತುದಿಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದು. ಈ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವವನು ನೀನೊಬ್ಬನೇ.

ಎಲ್ಲಿ ಕಲಿತೆ? ಯಾರು ಹೇಳಿಕೊಟ್ಟರು? ಅಂಗಡಿಯಲ್ಲಿ ಗಿರಾಕಿ ಬಂದರೆ ಎಲ್ಲಿ ಬಚ್ಚಿಡುತ್ತೀಯ? ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಮುಗಿದ ತೋಳನ್ನು ನನ್ನ ಕೈಗೆ ಹಿಡಿದು ನೋಡಿದೆ. ಮಣಿಕಟ್ಟಿಗೆ ಸರಿಯಾಗಿ ಬಂತು.

ಇದ್ದ ಹಾಗೇ ಮಡಚಿಟ್ಟಿದ್ದೇನೆ, ನಾನು ನೋಡಿಯೇ ಇಲ್ಲ ಅಂದುಕೋ. ಕತ್ತು ಮಾತ್ರ ಸ್ವಲ್ಪ ಅಗಲ ಬಿಡು. ನನ್ನ ತಲೆಯೂ ನಿನ್ನದರಷ್ಟೇ ದಪ್ಪ.