ಮಿರಾಬೆಲ್ ಹಡಗಿನ ಗಂಟೆ

ಫಗಾಲುವಾ, ಸವಾಯಿ ದ್ವೀಪ, ಸಮೋವಾ
9 ಮೇ 1910

ಮಿರಾಬೆಲ್ ಹಡಗಿನ ಮಾಜಿ ದುಭಾಷಿ ಇಯಾಕೋಪೋ ಅವರಿಗೆ, ನೀವು ಬಿಟ್ಟುಹೋದ ಹೆಂಡತಿ ಫುವಾತಿನೋ ಬರೆಯುವುದು.

ಹನ್ನೊಂದು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕ್ಷಮೆ ಕೇಳಲು ಮರಳ ಮೇಲೆ ಕುಳಿತಿದ್ದ ನಮ್ಮವರ ಮೇಲೆ ನೀವಿದ್ದ ಇಂಗ್ಲಿಷರ ಹಡಗು ಗುಂಡು ಹಾರಿಸಿತು. ನನ್ನ ತಾಯಿ ಅಲ್ಲೇ ಸತ್ತಳು. ಹಡಗಿನ ಕೀರ್ತಿ ಹಾಡಿ ನೀವು ಪತ್ರಿಕೆಗೆ ಬರೆದ ಲೇಖನದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: “ಚಾಪೆಗಳಡಿ ಹೊಂಚು ಹಾಕಿದ್ದ ಬಂಡುಕೋರರನ್ನು ದುರ್ಬೀನಿನಲ್ಲಿ ಕಂಡು ಚದುರಿಸಿದೆವು.”

ಕೀರ್ತಿಯಂತೆ! ಇಪ್ಪತ್ತು ವರ್ಷ ಸಮುದ್ರ ಸುತ್ತಿದ ಆ ಯುದ್ಧನೌಕೆ ಇನ್ನೊಂದು ಯುದ್ಧನೌಕೆಯ ಎದುರು ನಿಂತದ್ದುಂಟೇ? ನೀವೇ ಬರೆದಿದ್ದೀರಿ: ಆಫ್ರಿಕದ ಕರಾವಳಿಯಲ್ಲಿ ಹುಲ್ಲಿನ ಗುಡಿಸಲು ಸುಟ್ಟಿತು, ಸಾಲೊಮನ್ ದ್ವೀಪಗಳಲ್ಲಿ ಮೀನಿನ ದೋಣಿ ಒಡೆಯಿತು. ಇಲ್ಲಿ ನಮ್ಮ ಹಂದಿಗೂಡುಗಳನ್ನು ಗೆದ್ದಿತು. ಈಗ ಗುಜರಿಗೆ ಬಿದ್ದಿದೆ. ಅದರ ಗಂಟೆಯನ್ನು ಬೇಡಿ ತಂದು ಬರುವ ಭಾನುವಾರ ನಮ್ಮೂರ ಚರ್ಚಿನಲ್ಲೇ ತೂಗುಹಾಕುತ್ತೀರಂತೆ. ದ್ವೀಪಕ್ಕೆ ಜರ್ಮನರ ಬಾವುಟ ಬಂದು ಹತ್ತು ವರ್ಷವಾಯಿತು. ನಿಮ್ಮ ನಾಲಿಗೆ ಮಾತ್ರ ಇನ್ನೂ ಇಂಗ್ಲಿಷರ ಬೂಟಿನ ಮೇಲೆಯೇ ಇದೆ.

ಇಫೋಗ ಎಂದರೇನು ಎಂದು ನಿಮಗೂ ಹೇಳಿಕೊಡಬೇಕೇ? ನಮ್ಮವರು ಬಿಳಿಯ ವ್ಯಾಪಾರಿಯ ದೋಣಿ ಸುಟ್ಟದ್ದು ತಪ್ಪು, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ಅಲ್ಲವೇ ಹಿರಿಯರು ತಲೆಯ ಮೇಲೆ ನಯವಾಗಿ ಹೆಣೆದ ಚಾಪೆ ಹೊದ್ದು, ಮುಂದೆ ಸೌದೆ, ಒಲೆಕಲ್ಲು ಇಟ್ಟುಕೊಂಡು ಹಡಗಿಗೆ ಮುಖಮಾಡಿ ಕುಳಿತದ್ದು? ಸುಟ್ಟರೆ ಸುಡಿ, ಕ್ಷಮಿಸುವುದಾದರೆ ಚಾಪೆ ಎತ್ತಿ ಎಂದು. ಕ್ಯಾಪ್ಟನ್‌ಗೆ ಇದು ತಿಳಿಯದು, ಒಪ್ಪಿದೆ. ತಿಳಿಸಲಿಕ್ಕೇ ನಿಮ್ಮನ್ನು ಇಟ್ಟುಕೊಂಡಿದ್ದರು.

ಅಮ್ಮ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಳು: “ಯಾಕ್ರೋ ಹೆದರ್ತೀರಾ? ಹಡಗಿನ ಮೇಲೆ ನನ್ನ ಅಳಿಯ ಇದಾನೆ. ಅವನೇ ಬಂದು ಚಾಪೆ ಎತ್ತಿಸ್ತಾನೆ, ನೋಡ್ತಿರಿ.”

ಪಕ್ಕದಲ್ಲಿದ್ದ ಮುದುಕ ತೌಫಾ ಚಾಪೆಯೊಳಗಿಂದಲೇ ಕೆಣಕಿದ: “ನಿನ್ನ ಅಳಿಯ ಈಗ ಬೂಟು ಹಾಕ್ಕೋತಾನೆ ಕಣಕ್ಕಾ. ಮರಳಿಗಿಳಿದ್ರೆ ಕೊಳೆ ಆಗಲ್ವಾ?”

“ಸುಮ್ನಿರೋ ಹಲ್ಲಿಲ್ಲದವನೇ! ಅವನು ಬಂದು ‘ಅತ್ತೇ, ಏಳಿ’ ಅಂದಾಗ ನಿನ್ನ ಬಾಯಿ ನೋಡ್ಬೇಕು ನಾನು.”

ನಗು ಕೇಳಿ ನಾನು ಹಿಂದೆ ತೆಂಗಿನ ಮರದ ಬಳಿಯಿಂದ ಗದರಿದೆ, ಇಫೋಗಕ್ಕೆ ಕೂತು ನಗಬಾರದು ಎಂದು. ಅಷ್ಟರಲ್ಲಿ ಮೊದಲ ಗುಂಡು ಬಿತ್ತು. ತೌಫಾ ಬದುಕಿದ. ಅಂದಿನಿಂದ ಅವನು ಯಾರನ್ನೂ ಕೆಣಕಿಲ್ಲ.

ಗಂಟೆ ತೂಗುಹಾಕುವ ಮೊದಲು ಚರ್ಚಿನಲ್ಲಿ ಎದ್ದು ನಿಂತು ಹೇಳಿ: ಅಂದು ಕ್ಯಾಪ್ಟನ್ ಕೈಯಲ್ಲಿದ್ದ ದುರ್ಬೀನನ್ನು ನಿಮಗೆ ಕೊಟ್ಟು, ಅವರು ಯಾರು ಎಂದು ಕೇಳಿದಾಗ ನೀವು ಏನೆಂದಿರಿ?

ತೌಫಾನ ಪಕ್ಕದಲ್ಲಿ ಕುಳಿತಿದ್ದವಳ ಮಗಳು,
ಫುವಾತಿನೋ

ಮರೆತ ಮಾತು: ಅಮ್ಮ ಅಂದು ಹೊದ್ದದ್ದು ನಮ್ಮ ಮದುವೆಯ ಚಾಪೆ, ಕೆಂಪು ಗರಿಯ ಅಂಚಿನದು. ದೂರದಿಂದಲೂ ನಿಮಗೆ ಗುರುತು ಸಿಗಲೆಂದು ನಾನೇ ತೆಗೆದುಕೊಟ್ಟೆ. ಭಾನುವಾರ ಅದನ್ನು ಚರ್ಚಿನ ಬಾಗಿಲಲ್ಲಿ ಹಾಸುತ್ತೇನೆ. ಗಂಟೆ ಹೊತ್ತವರು ಅದನ್ನು ತುಳಿದೇ ಒಳಗೆ ಹೋಗಬೇಕು. ಊರೆಲ್ಲ ಕೇಳುವಂತೆ ಉತ್ತರ ಕೊಡಿ: ಅಂದು ಆ ಚಾಪೆಯ ಗುರುತು ಸಿಕ್ಕಿತ್ತೋ, ಇಲ್ಲವೋ?