ಬೇರೆಯವರ ಅಳತೆ

ಮಾರ್ಚ್ ೧೪, ಗುರುವಾರ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯಲಿಲ್ಲ.

ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ‘ಎಲ್ಲಾ ಹಣೆಬರಹ ಅಕ್ಕ’ ಅಂತ ಬರೆದಿದ್ದೀಯ. ಹಣೆಬರಹವಂತೆ, ನನ್ನ ತಲೆ! ನೀನೇ ಕೈಯಾರೆ ಬರೆದುಕೊಂಡದ್ದು ಕಣೋ ಅದು. ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ಲ್ಯಾಬಿಗೆ ರಕ್ತಪರೀಕ್ಷೆಗೆ ಬಂದೆಯಲ್ಲ, ಆಗ ಫಾರಂನಲ್ಲಿ ‘ಯಾವ ಜನಾಂಗ’ ಅಂತ ಕೇಳಿದ ಕಡೆ ನಮ್ಮ ಜನದ ಹೆಸರು ಬಿಟ್ಟು ಊರಲ್ಲಿ ಎಲ್ಲ ಬಾಗಿಲೂ ತೆರೆದಿರುವ ಅವರ ಜನದ ಹೆಸರು ಬರೆದೆ. ಬಾಡಿಗೆ ಮನೆಗಾಗಿ ಆ ಸುಳ್ಳು ಹೇಳಿದೆ, ಅಂಗಡಿಯ ಕೆಲಸಕ್ಕಾಗಿ ಹೇಳಿದೆ, ಹೊಟ್ಟೆಪಾಡು, ಇರಲಿ. ಸೂಜಿ ಚುಚ್ಚುವವರ ಮುಂದೆಯೂ ಯಾಕೋ ಆ ವೇಷ?

ನಿನ್ನೆ ನಮ್ಮ ಡಾಕ್ಟರಮ್ಮನನ್ನು ಕೇಳಿದೆ. ಹೊಟ್ಟೆಯ ಒಳಪದರ ಸವೆಯುತ್ತಾ ಬಂದರೆ ರಕ್ತದಲ್ಲಿ ಒಂದು ಅಂಶ ಇಳಿಯುತ್ತದಂತೆ. “ಅವರ ಜನಕ್ಕೆ ಮೂವತ್ತರ ಕೆಳಗೆ ಹೋದ್ರೆ ಹೆದರ್ತೀವಿ. ಈ ಜನಕ್ಕೆ ಐವತ್ತಕ್ಕಿಂತ ಇಳಿದ್ರೆ ಸಾಕು, ಕ್ಯಾಮೆರಾ ಹಾಕಿ ನೋಡ್ಲೇಬೇಕು. ಅದಕ್ಕೇ ಅಲ್ವೇನಮ್ಮಾ ಫಾರಂನಲ್ಲಿ ಕೇಳೋದು?” ಅಂದರು. ‘ಈ ಜನ’ ಅಂದರೆ ನಾವೇ ಕಣೋ. ನಿನ್ನದು ನಲವತ್ತೊಂದಿತ್ತು. ಕಂಪ್ಯೂಟರು ಅವರ ಮಿತಿಗೆ ಹೋಲಿಸಿ, ‘ಭಯವಿಲ್ಲ’ ಅಂತ ಮುದ್ರಿಸಿ ಕೈತೊಳೆದುಕೊಂಡಿತು. ಇಪ್ಪತ್ತು ವರ್ಷದಿಂದ ಟೈಲರ್ ಆಗಿದ್ದೀಯ. ಬೇರೆಯವರ ಅಳತೆ ಹಿಡಿದು ಗಿರಾಕಿಗೆ ಅಂಗಿ ಹೊಲಿದು ಕೊಡುತ್ತೀಯೇನೋ?

ಆ ಫಾರಂ ಮಾಡಿದ ಮಹಾನುಭಾವರ ಮೇಲೂ ಮೈಯೆಲ್ಲಾ ಉರಿಯುತ್ತಿದೆ. ಯಾಕೆ ಕೇಳುತ್ತಿದ್ದೇವೆ ಅಂತ ಒಂದು ಸಾಲು ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆ ಪ್ರಶ್ನೆ ಕೇಳಿ ನಮ್ಮ ಮುಖದ ಮೇಲೆ ಬಾಗಿಲು ಹಾಕಿದವರೇ ಜಾಸ್ತಿ ಅಂತ ಅವರಿಗೇನು ಗೊತ್ತು!

ಅಪ್ಪನಿಗೆ ಬಂದರೆ ಮಕ್ಕಳನ್ನೂ ನೋಡಿಸಬೇಕು ಅಂತ ಸೋಮವಾರ ನಮ್ಮ ಲ್ಯಾಬಿನಲ್ಲೇ ನಿನ್ನ ಮಗಳ ರಕ್ತಪರೀಕ್ಷೆ ಇಟ್ಟಿದ್ದಾರೆ. ನಿನ್ನ ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು: “ಮದುವೆ ವಯಸ್ಸಿನ ಹುಡುಗಿ, ಅವಳ ಫಾರಂನಲ್ಲೂ ಅದನ್ನೇ ಬರೀತೀನಿ ಅಂತಿದಾರೆ ಅತ್ತಿಗೆ.” ಬರೆದೀಯ, ಹುಷಾರ್! ಮದುವೆಯಾಗಬೇಕಾದರೆ ಮೊದಲು ಹುಡುಗಿ ಉಳಿದಿರಬೇಕು.

ಆಪರೇಷನ್ನಿಗೆ ಧೈರ್ಯವಾಗಿ ಹೋಗು. ನನ್ನ ಬೈಗುಳ ತಿಂದುಕೊಂಡೇ ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ಡಾಕ್ಟರಮ್ಮ ಹೇಳಿದ್ದು ನಿನ್ನೆಯಲ್ಲ. ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿಕೊಟ್ಟಿದ್ದರು. ಅವತ್ತು ಕೌಂಟರಿನಲ್ಲಿ ನಿನ್ನ ಫಾರಂ ಓದಿದವಳು ನಾನೇ ಅಲ್ಲವೇನೋ? ಪಕ್ಕದಲ್ಲಿ ಮೇಲ್ವಿಚಾರಕಿ ಕೂತಿದ್ದರು. ನೀನು ನನ್ನ ತಮ್ಮ ಅಂತ ಅವರಿಗೆ ಗೊತ್ತಿತ್ತು. ನಿನ್ನದನ್ನು ತಿದ್ದಿದ್ದರೆ ನನ್ನದೂ ಬಯಲಾಗುತ್ತಿತ್ತು. ಈ ಕೆಲಸ ಸಿಗಲಿ ಅಂತ ನಾನೂ ಅದೇ ಸುಳ್ಳು ಬರೆದಿದ್ದೆ. ಬಾಯಿ ಮುಚ್ಚಿಕೊಂಡು ಮೊಹರು ಒತ್ತಿದೆ. ಇವತ್ತು ನನ್ನ ಫೈಲಿನಲ್ಲಿ ನಿಜ ಬರೆದು ಕೊಟ್ಟು ಬಂದೆ. ಸೋಮವಾರ ಆ ಕುರ್ಚಿಯಲ್ಲಿ ಇರುತ್ತೇನೋ ಇಲ್ಲವೋ. ಇದ್ದರೆ ನನ್ನ ಮುಖ ನೋಡಬೇಡ. ಮಗಳ ಫಾರಂ ಮಾತ್ರ ಸರಿಯಾಗಿ ತುಂಬು.