ಗೋಡೆಯಾಚೆಯ ಎಡಗೈ

ಜುಲೈ 3, ಬೆಳಿಗ್ಗೆ 6.20
ಅತ್ತೆಯ ಕೋಣೆಯ ಹೊರಗಿಟ್ಟ ವೈಫೈ ಬೋರ್ಡ್ ಎರಡೂ ಆನ್. ಅತ್ತೆ ಎಂದಿನಂತೆ ಬಾಗಿಲು ಹಾಕಿಕೊಂಡಿದ್ದಾರೆ. ಒಳಗೆ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಕ್ಯಾಮೆರಾ ಇಡುತ್ತೇನೆ ಎಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅದಕ್ಕೇ ವೈಫೈ. ಕೋಣೆಯಲ್ಲಿ ಮೈ ಅಲುಗಿದರೆ ಸಿಗ್ನಲ್ ಕದಡುತ್ತದೆ, ಲ್ಯಾಪ್‌ಟಾಪಿನಲ್ಲಿ ಗೆರೆ ಕುಣಿಯುತ್ತದೆ. ಚಿತ್ರ ಇಲ್ಲ, ಮುಖ ಇಲ್ಲ. ಸುಮ್ಮನೆ ಕೂತರೂ ಉಸಿರು ಕಾಣುತ್ತದೆ!
"ಗಾಳ್ಯಾಗ ಏನ್ ಕಾಣ್ತದ ನಿನಗ, ಪ್ರೇಮಲಾ?" ಎಂದು ಅತ್ತೆ ನಕ್ಕರು. ಈಚೆಗೆ ನಕ್ಕಿದ್ದೇ ಅಪರೂಪ.

ಜುಲೈ 5
ಲಕ್ವಾ ಹೊಡೆದು ನಾಲ್ಕು ತಿಂಗಳು. ಅತ್ತೆಯ ಎಡಗೈ ತೊಡೆಯ ಮೇಲೆ ಬಿದ್ದೇ ಇದೆ. ಡಾಕ್ಟರು "ಇನ್ನು ಕಷ್ಟ" ಎಂದರು. ಇಷ್ಟಲಿಂಗ ಕೊರಳಲ್ಲೇ ಇದೆ, ಪೂಜೆ ನಿಂತಿದೆ. ಎಡ ಅಂಗೈಯಲ್ಲೇ ಎದೆಯ ಮಟ್ಟಕ್ಕೆ ಹಿಡಿಯಬೇಕಲ್ಲ. ಕೆಳಗೆ ನಾನು ಕೈ ಕೊಡುತ್ತೇನೆ ಎಂದೆ.
"ನಿನ್ನ ಕೈ ಆಸರ ಇದ್ರ ಪೂಜಿ ನಿಂದಾತು, ನಂದಲ್ಲ."
ಹಟಮಾರಿ. ಆದರೂ ಪಾಪ ಎನಿಸಿತು.

ಜುಲೈ 11
ತಲೆನೋವು. ದಿನಾ ಆರೂವರೆಗೆ ಗೆರೆ ಮೆಲ್ಲಗೆ ಏರುತ್ತದೆ, ಧಪ್ಪನೆ ಇಳಿಯುತ್ತದೆ. ಏನೋ ದೋಷವಿರಬೇಕೆಂದು ಫ್ಯಾನ್ ಆಫ್ ಮಾಡಿಸಿದೆ — ಮತ್ತೆ ಅದೇ ಗೆರೆ. ತಾಂಡೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನಿಂದ ಬೇರೆ ಬೋರ್ಡ್ ತಂದೆ, ಬಶೀರಾಬಾದ್ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು — ಅದೇ. ಈ ಬಂಡೆಯ ಗೋಡೆಯದೇ ತಪ್ಪು ಎಂದೆ.
"ಕುಣ್ಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಅಮರನಾಥ ಚಹಾ ಹೀರಿದರು. ಗಂಡನಂತೆ ಗಂಡ!

ಜುಲೈ 12, ಬೆಳಿಗ್ಗೆ 6.50
ಗೋಡೆಯ ತಪ್ಪಲ್ಲದಿದ್ದರೆ ಅತ್ತೆ ಬಲಗೈ ಆಡಿಸುತ್ತಿರಬೇಕು ಅಂದುಕೊಂಡಿದ್ದೆ. ನಿನ್ನೆ ಅತ್ತೆ ಚಹಾ ಕುಡಿಯುವಾಗ ಅಳೆದೆ. ಬಲಗೈ ಏರಲು ಒಂದೇ ಸೆಕೆಂಡು. ಬೆಳಗಿನದಕ್ಕೆ ನಲವತ್ತು. ಏರುತ್ತದೆ, ನಡುಗುತ್ತದೆ, ಬೀಳುತ್ತದೆ. ಮತ್ತೆ ಏರುತ್ತದೆ. ಇವತ್ತು ಹನ್ನೊಂದು ಸಲ.
ಏರಲು ಅಷ್ಟು ಹೊತ್ತು ಬೇಕಾಗುವ ಕೈ ಆ ಕೋಣೆಯಲ್ಲಿ ಒಂದೇ ಇದೆ.
ನಡುವೆ ಬಂಡೆಯ ಗೋಡೆ, ಮುಚ್ಚಿದ ಬಾಗಿಲು... ರೇಡಿಯೊ ಅಲೆ ಮೈಗೆ ತಾಗಿ ಮರಳುತ್ತದೆ ಎಂದು ಹದಿನಾರು ವರ್ಷ ಪಾಠ ಹೇಳಿದ್ದೇನೆ. ಇವತ್ತು ನಂಬಿದೆ. ಅಳುವೇ ಬಂತು.

ಜುಲೈ 13
ಯಾರಿಗೂ ಹೇಳಿಲ್ಲ. ಯಾರೂ ನೋಡಬಾರದೆಂದೇ ಅತ್ತೆ ಬಾಗಿಲು ಹಾಕುವುದು. ನಾನು ನೋಡಿಬಿಟ್ಟೆ. ನಾಚಿಕೆ. ಬೋರ್ಡ್ ತೆಗೆಯಲು ಧೈರ್ಯವಿಲ್ಲ. ಅತ್ತೆ ಬಿದ್ದರೆ ಮಾತ್ರ ಯಂತ್ರ ಕೂಗುವಂತೆ ಮಾಡಿ ಗೆರೆ ಮುಚ್ಚಿಟ್ಟೆ.

ಆಗಸ್ಟ್ 24
ಬೆಳಿಗ್ಗೆ ಬಾಗಿಲು ತೆರೆದಿತ್ತು. ಅತ್ತೆಯೇ ಕರೆದರು.
"ಕರಡಿಗಿ ಬಿಚ್ಚು."
ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮುಚ್ಚಳ ತೆಗೆದೆ. ಲಿಂಗವನ್ನು ತಾವೇ ಬಲಗೈಯಿಂದ ಎತ್ತಿ ಎಡ ಅಂಗೈಯಲ್ಲಿಟ್ಟುಕೊಂಡರು. ಅಂಗೈ ತೊಡೆ ಬಿಟ್ಟು ಮೇಲೆದ್ದಿತು. ಬಿದ್ದೀತೆಂದು ಕೆಳಗೆ ಕೈ ಒಡ್ಡಿದೆ.
"ಗ್ವಾಡಿ ಆಚಿಂದ ನೋಡಿದ್ದು ಸಾಕು. ಈಗ ಹತ್ರದಿಂದ ನೋಡು. ನಿನ್ನ ಕೈ ತಗಿ."
ತೆಗೆದೆ. ಮನಸ್ಸಿನಲ್ಲೇ ಸೆಕೆಂಡು ಎಣಿಸತೊಡಗಿದೆ. ನಡುಗುತ್ತಾ ಎದೆಯ ಮಟ್ಟಕ್ಕೆ... ಮೂವತ್ತೆಂಟು, ಮೂವತ್ತೊಂಬತ್ತು —